ಬಿಯಾಟ್ರಿಕ್ಸ್ ಪಾಟರ್ ಎಂಬ ಚಿತ್ರಗಾರ್ತಿಯ ಜೀವನಚರಿತ್ರೆ

ರಾಜ್ಯಗಳನ್ನು ಆಳಿದವರ, ಯುದ್ಧಗಳನ್ನು ಗೆದ್ದವರ, ದೊಡ್ಡ ಗ್ರಂಥಗಳನ್ನು ರಚಿಸಿದವರ ಚರಿತ್ರೆಗಳನ್ನು ನಮ್ಮ ಹುಡುಗಿಯರು ಪಾಠಪುಸ್ತಕಗಳಲ್ಲಿ ಓದುತ್ತಾರೆ. ಆದರೆ ತಾವು ಶಿಶುಗಳಾಗಿದ್ದಾಗ ತಮ್ಮ ಕೈಗೆ ಬಂದ ಚಿತ್ರದ ಪುಸ್ತಕವನ್ನು ಬರೆದವರು ಯಾರೆಂದು ವಿಚಾರಿಸುವವರು ಬಹಳ ವಿರಳ. ಅಕ್ಷರಗಳ ಪರಿಚಯವಾಗುವುದಕ್ಕೆ ಮೊದಲೇ ಮಗುವಿಗೆ ಪುಸ್ತಕದ ಮೇಲೆ ಪ್ರೀತಿ ಹುಟ್ಟಿಸುವುದು ಚಿತ್ರವೇ ಎಂಬುದನ್ನು ಕಿರಿಯ ತರಗತಿಗಳಲ್ಲಿ ಪಾಠ ಹೇಳಿದವರೆಲ್ಲರೂ ಬಲ್ಲರು. ಅಂಥ ಚಿತ್ರಗಳನ್ನು ಬರೆದು ಲೋಕಪ್ರಸಿದ್ಧಳಾದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಹೇಳಬೇಕೆಂದಿದ್ದೇವೆ. ಆಕೆ ಶಾಲೆಗೆ ಹೋದವಳಲ್ಲ, ಪದವಿ ಪಡೆದವಳಲ್ಲ, ಮೂವತ್ತೈದು ವರ್ಷ ತುಂಬುವವರೆಗೂ ಆಕೆಯ ಹೆಸರನ್ನು ಹೊರಗಿನವರು ಕೇಳಿಯೇ ಇರಲಿಲ್ಲ. ಹೀಗಿದ್ದವಳು ಏನನ್ನು ಸಾಧಿಸಿದಳು, ಯಾವುದರಿಂದ ಸಾಧಿಸಿದಳು ಎಂಬುದು ಹೆಣ್ಣುಮಕ್ಕಳೂ ಅವರ ತಾಯಿತಂದೆಗಳೂ ಯೋಚಿಸತಕ್ಕ ವಿಷಯವಾಗಿದೆ.

ಹೆಲೆನ್ ಬಿಯಾಟ್ರಿಕ್ಸ್ ಪಾಟರಳು 1866ನೆಯ ಇಸವಿ ಜುಲೈ 28ರಂದು ಲಂಡನ್ ಪಟ್ಟಣದ ಸೌತ್ ಕೆನ್ಸಿಂಗ್ಟನ್ ಭಾಗದಲ್ಲಿ, ಬೋಲ್ಟನ್ ಗಾರ್ಡನ್ಸ್ ಎಂಬ ಬೀದಿಯ ಎರಡನೆಯ ನಂಬರಿನ ಮನೆಯಲ್ಲಿ ಜನಿಸಿದಳು. ಆಕೆಯ ಅಜ್ಜನಾದ ಎಡ್ಮಂಡ್ ಪಾಟರನು ಹತ್ತಿಯ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ದೊಡ್ಡ ಕಾರ್ಖಾನೆಯನ್ನು ನಡೆಯಿಸಿ ಐಶ್ವರ್ಯವಂತನಾಗಿದ್ದನು. ತಾಯಿಯ ತವರಿನವರೂ ಹತ್ತಿಯ ವರ್ತಕರೇ. ತಂದೆ ರೂಪರ್ಟ್ ಪಾಟರನು ಬಾರಿಸ್ಟರ್ ಪರೀಕ್ಷೆಯನ್ನು ಮುಗಿಸಿದ್ದರೂ ಪಿತ್ರಾರ್ಜಿತದಿಂದಲೇ ಸುಖವಾಗಿ ಕಾಲಕಳೆಯುತ್ತ, ಛಾಯಾಚಿತ್ರಗಳನ್ನು ತೆಗೆಯುವುದರಲ್ಲಿ ಆಸಕ್ತನಾಗಿದ್ದನು. ಜಾನ್ ಮಿಲೇ ಎಂಬ ಪ್ರಸಿದ್ಧ ವರ್ಣಚಿತ್ರಕಾರನು ಆತನ ಸ್ನೇಹಿತನು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದರಲ್ಲಿ ಆ ಕಾಲಕ್ಕೆ ಹೆಸರುವಾಸಿಯಾಗಿದ್ದ ರಾಂಡಾಲ್ಫ್ ಕಾಲ್ಡೆಕಾಟನ ಮೂಲಚಿತ್ರಗಳನ್ನು ತಂದೆ ಕೊಂಡುತಂದು ಮನೆಯಲ್ಲಿ ಇರಿಸಿದ್ದನು. ಹೀಗೆ ಒಳ್ಳೆಯ ಚಿತ್ರಗಳನ್ನು ನೋಡುವ ಅವಕಾಶ ಬಿಯಾಟ್ರಿಕ್ಸಳಿಗೆ ಚಿಕ್ಕಂದಿನಲ್ಲಿಯೇ ದೊರಕಿತು.

ಆದರೆ ಒಡನಾಡಿಗಳು ದೊರಕಲಿಲ್ಲ. ಮನೆಯ ಮೇಲಿನ ಅಂತಸ್ತಿನಲ್ಲಿದ್ದ ಮಕ್ಕಳ ಕೋಣೆಯೇ ಆಕೆಯ ಪ್ರಪಂಚವಾಗಿದ್ದಿತು. 1872ರಲ್ಲಿ ಬರ್ಟ್ರಾಮ್ ಎಂಬ ತಮ್ಮನು ಹುಟ್ಟಿದನು. ಅವನಿಗೆ ವಯಸ್ಸಾದ ಮೇಲೆ ಅವನನ್ನು ಶಾಲೆಗೆ ಕಳುಹಿಸಿದರು, ಅಕ್ಕನನ್ನು ಕಳುಹಿಸಲಿಲ್ಲ. ಆ ಕಾಲದ ಸ್ಥಿತಿವಂತರ ವಾಡಿಕೆಯಂತೆ ಉಪಾಧ್ಯಾಯಿನಿಯರು ಮನೆಗೇ ಬಂದು ಆಕೆಗೆ ಓದು ಬರಹ, ಭಾಷೆ, ಚಿತ್ರಕಲೆಗಳನ್ನು ಕಲಿಸಿದರು. ಅಕ್ಕತಮ್ಮಂದಿರಿಬ್ಬರೂ ಕೂಡಿ ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿ, ಬಸವನಹುಳು, ಮೈಯೆಲ್ಲಾ ಮುಳ್ಳಿರುವ ಹೆಜ್‌ಹಾಗ್ ಎಂಬ ಸಣ್ಣ ಪ್ರಾಣಿ, ಇವುಗಳನ್ನೆಲ್ಲಾ ಆ ಕೋಣೆಯಲ್ಲಿ ಸಾಕುತ್ತಿದ್ದರು. ಅವು ಹೇಗೆ ಕುಳಿತುಕೊಳ್ಳುತ್ತವೆ, ಹೇಗೆ ತಿನ್ನುತ್ತವೆ, ಹೆದರಿದಾಗ ಕಿವಿಯನ್ನು ಎತ್ತ ತಿರುಗಿಸುತ್ತವೆ ಎಂಬುದನ್ನು ಬಿಯಾಟ್ರಿಕ್ಸಳು ಗಂಟೆಗಟ್ಟಲೆ ನೋಡಿ ಸೀಸದಕಡ್ಡಿಯಿಂದ ಬರೆಯುವಳು. ಪ್ರಾಣಿಯು ಸತ್ತುಹೋದರೆ ಅದನ್ನು ಕುದಿಸಿ ಎಲುಬುಗಳನ್ನು ಬಿಡಿಸಿಕೊಂಡು, ಅವುಗಳ ಜೋಡಣೆಯನ್ನೂ ಬರೆಯುವಳು. ಓದುವವರಿಗೆ ಇದು ಕಠಿನವಾಗಿ ಕಾಣಬಹುದು. ಆದರೆ ಮುಂದೆ ಆಕೆಯ ಮೊಲವು ಅಂಗಿ ತೊಟ್ಟು ನಿಂತಾಗಲೂ ನಿಜವಾದ ಮೊಲದಂತೆಯೇ ಕಾಣಿಸುವುದಕ್ಕೆ ಈ ಅಭ್ಯಾಸವೇ ಕಾರಣವಾಯಿತು.

ವರುಷಕ್ಕೊಮ್ಮೆ ಬೇಸಗೆಯಲ್ಲಿ ಪಾಟರ್ ಕುಟುಂಬದವರು ಲಂಡನ್ನನ್ನು ಬಿಟ್ಟು ಹಳ್ಳಿಗಾಡಿಗೆ ಹೋಗುತ್ತಿದ್ದರು. 1871ರಿಂದ 1881ರವರೆಗೆ ಸ್ಕಾಟ್ಲೆಂಡಿನ ಡಲ್‌ಗೈಸ್ ಎಂಬಲ್ಲಿ ಬಿಡಾರ ಮಾಡಿದರು. 1882ರಲ್ಲಿ ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಸರೋವರ ಪ್ರಾಂತ್ಯಕ್ಕೆ ಮೊದಲನೆಯ ಸಾರಿ ಹೋದರು. ಅಲ್ಲಿ ರೇ ಎಂಬ ಊರಿನ ಪಾದ್ರಿಗಳಾಗಿದ್ದ ಹಾರ್ಡ್‌ವಿಕ್ ರಾನ್ಸ್‌ಲಿಯವರ ಪರಿಚಯವಾಯಿತು. ರೈಲುದಾರಿಗಳೂ ಹೊಸ ಕಟ್ಟಡಗಳೂ ಬಂದು ಆ ಪ್ರಾಂತ್ಯದ ಚೆಲುವು ಹಾಳಾಗಬಾರದೆಂದು ಅವರು ಹೋರಾಡುತ್ತಿದ್ದರು. 1895ರಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯೊಡನೆಯೂ ರಾಬರ್ಟ್ ಹಂಟರನೊಡನೆಯೂ ಸೇರಿ ಅವರು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹದಿನಾರು ವರುಷದ ಹುಡುಗಿಯ ಮನಸ್ಸಿನಲ್ಲಿ ಅವರು ಬಿತ್ತಿದ ಬೀಜವು ಎಷ್ಟು ದೊಡ್ಡ ಮರವಾಯಿತೆಂಬುದನ್ನು ಮುಂದೆ ಕಾಣುವೆವು.

ಈ ವರುಷಗಳಲ್ಲಿ ಆಕೆಯು ದಿನಚರಿಯೊಂದನ್ನು ಬರೆಯುತ್ತಿದ್ದಳು. ಅದನ್ನು ಯಾರೂ ಓದಬಾರದೆಂದು ತಾನೇ ಕಲ್ಪಿಸಿದ ಗುಪ್ತಲಿಪಿಯಲ್ಲಿ ಬಹು ಸಣ್ಣ ಅಕ್ಷರಗಳಿಂದ ಬರೆದಳು. ಆಕೆ ತೀರಿಹೋದ ಬಹುಕಾಲದ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬಾತನು ಬಹಳ ವರ್ಷ ಪ್ರಯಾಸಪಟ್ಟು ಆ ಲಿಪಿಯ ಕೀಲಿಯನ್ನು ಕಂಡುಹಿಡಿದನು. 1966ರಲ್ಲಿ ದಿನಚರಿಯು ಅಚ್ಚಾಯಿತು. ಅದರಲ್ಲಿ ಭಯಂಕರವಾದ ರಹಸ್ಯಗಳೇನೂ ಇಲ್ಲ. ತಾನು ನೋಡಿದ ಚಿತ್ರಗಳು, ಕೇಳಿದ ಮಾತುಗಳು, ತನ್ನ ಬೇಸರ, ಇವೇ ಇವೆ. ಬುದ್ಧಿಯುಳ್ಳ ಒಬ್ಬ ಹುಡುಗಿಗೆ ತನ್ನ ಅಭಿಪ್ರಾಯವನ್ನು ಹೇಳುವುದಕ್ಕೆ ಗುಪ್ತಲಿಪಿಯ ಹೊರತು ಬೇರೆ ಸ್ಥಳವಿರಲಿಲ್ಲವೆಂಬುದೇ ಅದನ್ನು ಓದಿದವರ ಮನಸ್ಸಿಗೆ ನಾಟುವ ಸಂಗತಿ.

ಯೌವನದಲ್ಲಿ ಆಕೆಯ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಅಣಬೆಗಳು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ಅಂಚೆಯವನು ಕಾಗದಗಳನ್ನು ಹಂಚುತ್ತ ದಿನವೂ ಬಹುದೂರ ನಡೆಯುವಾಗ ದಾರಿಯಲ್ಲಿ ಕಂಡ ಗಿಡಗಳನ್ನೂ ಅಣಬೆಗಳನ್ನೂ ಪರೀಕ್ಷಿಸಿ ನಿಪುಣನಾಗಿದ್ದನು. ಬಿಯಾಟ್ರಿಕ್ಸಳು 1892ರಲ್ಲಿ ಅವನನ್ನು ಕಂಡು ತನ್ನ ಚಿತ್ರಗಳನ್ನು ತೋರಿಸಿದಳು. ಅವನು ಅಪರೂಪದ ಅಣಬೆಗಳನ್ನು ಅಂಚೆಯಲ್ಲಿ ಲಂಡನ್ನಿಗೆ ಕಳುಹಿಸುವನು. ಆಕೆ ಅವುಗಳ ಚಿತ್ರವನ್ನು ಬರೆದು ಕಳುಹಿಸುವಳು. ಬಣ್ಣವನ್ನೂ ಆಕಾರವನ್ನೂ ಬರೆದು ತೃಪ್ತಳಾಗದೆ, ಅಣಬೆಯ ಧೂಳಿನಂಥ ಬೀಜಕಣಗಳನ್ನು ಗಾಜಿನ ತಟ್ಟೆಯಲ್ಲಿ ಮೊಳೆಯಿಸಿ, ಸೂಕ್ಷ್ಮದರ್ಶಕ ಯಂತ್ರದಿಂದ ನೋಡಿ, ಅವು ಬೆಳೆಯುವ ಕ್ರಮವನ್ನು ಬರೆದಳು. ಆಕೆಯ ಮಾವನವರೂ ಪ್ರಸಿದ್ಧ ರಸಾಯನಶಾಸ್ತ್ರಜ್ಞರೂ ಆಗಿದ್ದ ಸರ್ ಹೆನ್ರಿ ರಾಸ್ಕೊರವರು ಈ ಕೆಲಸವನ್ನು ಮೆಚ್ಚಿ, ಕ್ಯೂ ಎಂಬಲ್ಲಿಯ ರಾಜಕೀಯ ಸಸ್ಯೋದ್ಯಾನಕ್ಕೆ ಆಕೆಯನ್ನು ಕರೆದುಕೊಂಡು ಹೋದರು. ಅಲ್ಲಿಯ ಮುಖ್ಯಾಧಿಕಾರಿಯು ಆಕೆಯನ್ನು ಲಕ್ಷಿಸಲಿಲ್ಲ. ಆದರೂ ಎದೆಗುಂದದೆ ಒಂದು ಪ್ರಬಂಧವನ್ನು ಸಿದ್ಧಪಡಿಸಿದಳು. ಅದು 1897ನೆಯ ಏಪ್ರಿಲ್ 1ರಂದು ಲಿನ್ನಿಯನ್ ಸಂಘವೆಂಬ ಪ್ರಕೃತಿಶಾಸ್ತ್ರಜ್ಞರ ಸಭೆಯ ಮುಂದೆ ಬಂದಿತು. ಸ್ತ್ರೀಯರಿಗೆ ಆ ಸಭೆಯಲ್ಲಿ ಪ್ರವೇಶವಿಲ್ಲದ್ದರಿಂದ ಬರೆದವಳು ಮನೆಯಲ್ಲಿ ಕುಳಿತಿರಬೇಕಾಯಿತು. ಕ್ಯೂ ಉದ್ಯಾನದ ಜಾರ್ಜ್ ಮ್ಯಾಸಿಯವರು ಅದನ್ನು ಮುಂದಿಟ್ಟರು. ಇನ್ನೂ ಹೆಚ್ಚು ಶೋಧನೆ ಬೇಕೆಂದು ಕಂಡುಬಂದು ಆಕೆಯು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಪ್ರಬಂಧವು ಪುನಃ ಸಿಕ್ಕಲಿಲ್ಲ.

ಆಕೆ ಮಹಾವಿಜ್ಞಾನಿಯಾಗುತ್ತಿದ್ದಳೆಂದು ನಾವು ಹೇಳಲಾರೆವು. ಆದರೆ ತನ್ನ ಪ್ರಬಂಧವನ್ನು ಕುರಿತು ಬಲ್ಲವರು ಆಡುವ ಮಾತನ್ನು ಎದುರಿಗೆ ಕುಳಿತು ಕೇಳಿ, ತಪ್ಪಿದ್ದರೆ ತಿದ್ದಿಕೊಂಡು, ಸರಿಯಿದ್ದರೆ ವಾದಿಸುವ ಅವಕಾಶ ಆಕೆಗೆ ಸಿಕ್ಕಬೇಕಾಗಿತ್ತು. ಅದು ಸಿಕ್ಕದೆಹೋದದ್ದು ಅನ್ಯಾಯವೇ ಸರಿ. ಆ ಸಂಘವು 1904ರಲ್ಲಿ ಸ್ತ್ರೀಯರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಬಿಯಾಟ್ರಿಕ್ಸ್ ಪಾಟರಳ ವಿಷಯದಲ್ಲಿ ನಡೆದದ್ದು ಸರಿಯಲ್ಲವೆಂದು 1997ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ನೂರು ವರುಷಗಳು ಕಳೆದುಹೋಗಿದ್ದವು. ಆಕೆಯ ಅಣಬೆಯ ಚಿತ್ರಗಳು ಮಾತ್ರ ವ್ಯರ್ಥವಾಗಲಿಲ್ಲ. 1967ರಲ್ಲಿ ಅಣಬೆಗಳನ್ನು ಗುರುತಿಸುವುದಕ್ಕಾಗಿ ಪ್ರಕಟವಾದ ಒಂದು ಶಾಸ್ತ್ರಗ್ರಂಥದಲ್ಲಿ ಅವುಗಳಲ್ಲಿ 59ನ್ನು ಸೇರಿಸಿಕೊಂಡರು.

ಇನ್ನು ಆಕೆಯ ಪುಸ್ತಕಗಳು ಹುಟ್ಟಿದ ಬಗೆಯನ್ನು ಹೇಳುವೆವು. ಆಕೆಗೆ ಕೊನೆಯಲ್ಲಿ ಪಾಠ ಹೇಳಿದ ಆನಿ ಕಾರ್ಟರ್ ಎಂಬ ಉಪಾಧ್ಯಾಯಿನಿಯು ಶಿಷ್ಯಳಿಗಿಂತ ಮೂರೇ ವರುಷ ದೊಡ್ಡವಳು. ಈಕೆ ಮದುವೆಯಾಗಿ ಮಿಸೆಸ್ ಮೂರ್ ಎನ್ನಿಸಿಕೊಂಡು ಹೋದ ಮೇಲೆಯೂ ಇವರ ಸ್ನೇಹ ಕಡಿಮೆಯಾಗಲಿಲ್ಲ. ಮೂರ್ ದಂಪತಿಗಳ ಹಿರಿಯ ಮಗನಾದ ನೋಯಲನು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ, 1893ನೆಯ ಸೆಪ್ಟೆಂಬರ್ 4ರಂದು, ಸ್ಕಾಟ್ಲೆಂಡಿನಲ್ಲಿದ್ದ ಬಿಯಾಟ್ರಿಕ್ಸಳು ಆ ಐದು ವರುಷದ ಹುಡುಗನಿಗೆ ಒಂದು ಕಾಗದವನ್ನು ಬರೆದಳು. ಬರೆಯುವುದಕ್ಕೆ ಸುದ್ದಿಯಿಲ್ಲದ್ದರಿಂದ, ನಾಲ್ಕು ಮೊಲದ ಮರಿಗಳ ಕಥೆಯನ್ನು ಅಲ್ಲಲ್ಲಿ ಚಿತ್ರ ಹಾಕಿ ಬರೆದು ಕಳುಹಿಸಿದಳು. ತಾನು ಸಾಕಿದ ಪೀಟರ್ ಎಂಬ ಮೊಲದ ಹೆಸರನ್ನೇ ಕಥೆಯ ತುಂಟಮರಿಗೆ ಇಟ್ಟಳು. ಮೂರ್ ಅವರ ಬೇರೆ ಮಕ್ಕಳಿಗೂ ಇಂಥ ಕಾಗದಗಳು ಹೋದವು. ಕೆಲವು ವರುಷಗಳ ಮೇಲೆ, ಇವುಗಳನ್ನು ಪುಸ್ತಕವಾಗಿ ಮಾಡಬಾರದೇಕೆ ಎಂದು ಕೇಳಿದವಳು ಆ ಉಪಾಧ್ಯಾಯಿನಿಯೇ. ನೋಯಲನು ತನ್ನ ಕಾಗದವನ್ನು ಜೋಪಾನವಾಗಿ ಇಟ್ಟಿದ್ದನು. ಅದನ್ನು ಎರವಲಾಗಿ ತಂದು ನಕಲು ಮಾಡಿ, ಕಥೆಯನ್ನು ಬೆಳೆಯಿಸಿ, ಬಿಯಾಟ್ರಿಕ್ಸಳು ಪುಸ್ತಕವನ್ನು ಸಿದ್ಧಪಡಿಸಿದಳು.

ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಅದನ್ನು ಬೇಡವೆಂದರು. ಪುಸ್ತಕವು ದೊಡ್ಡದಾಗಿರಬೇಕೆಂದು ಅವರು ಬಯಸುವರು. ಚಿಕ್ಕ ಕೈಗಳು ಹಿಡಿಯುವಷ್ಟು ಚಿಕ್ಕದಾಗಿಯೂ ಬಡಮಕ್ಕಳು ಕೊಳ್ಳುವಷ್ಟು ಅಗ್ಗವಾಗಿಯೂ ಇರಬೇಕೆಂದು ಆಕೆಯ ಹಟ. ಕೊನೆಗೆ 1901ನೆಯ ಡಿಸೆಂಬರಿನಲ್ಲಿ ಸ್ವಂತ ಹಣದಿಂದ 250 ಪ್ರತಿಗಳನ್ನು ಅಚ್ಚುಹಾಕಿಸಿದಳು. ಅವು ಬೇಗನೆ ಮುಗಿದುಹೋಗಿ ಪುನಃ 200 ಪ್ರತಿಗಳು ಬೇಕಾದವು. ಏತನ್ಮಧ್ಯೆ ರಾನ್ಸ್‌ಲಿ ಪಾದ್ರಿಗಳು ಸಹಾಯ ಮಾಡಬೇಕೆಂದು, ಕಥೆಯನ್ನು ನೀತಿಬೋಧಕವಾದ ಪದ್ಯಗಳಾಗಿ ಮಾರ್ಪಡಿಸಿ ಫ್ರೆಡರಿಕ್ ವಾರ್ನ್ ಎಂಬ ಪ್ರಕಾಶಕರ ಸಂಸ್ಥೆಗೆ ಒಪ್ಪಿಸಿದ್ದರು. ವಾರ್ನ್ ಸಂಸ್ಥೆಯವರು ಪದ್ಯವು ಬೇಡ, ಆಕೆಯ ಸರಳವಾದ ಗದ್ಯವೇ ಸಾಕು, ಆದರೆ ಚಿತ್ರಗಳಿಗೆಲ್ಲಾ ಬಣ್ಣ ಹಾಕಿಕೊಡಬೇಕೆಂದರು. ಹೀಗೆ 1902ನೆಯ ಅಕ್ಟೋಬರಿನಲ್ಲಿ ಪೀಟರ್ ಮೊಲದ ಕಥೆಯು ಒಂದು ಶಿಲ್ಲಿಂಗ್ ಬೆಲೆಗೆ ಹೊರಬಿದ್ದಿತು. ಮೊದಲನೆಯ 8,000 ಪ್ರತಿಗಳು ಪ್ರಕಟವಾಗುವುದಕ್ಕೆ ಮುಂಚೆಯೇ ಮಾರಿಹೋದವು. ಆ ವರುಷ ಮುಗಿಯುವುದರೊಳಗೆ 28,000 ಅಚ್ಚಾದವು.

ಕಥೆ ಬಹಳ ಚಿಕ್ಕದು. ಮ್ಯಾಕ್‌ಗ್ರೆಗರನ ತೋಟಕ್ಕೆ ಹೋಗಬೇಡಿರೆಂದು ತಾಯಿಮೊಲವು ಎಚ್ಚರಿಸುತ್ತದೆ; ಪೀಟರನು ಹೋಗುತ್ತಾನೆ; ಹೊಟ್ಟೆಬಿರಿಯ ತಿನ್ನುತ್ತಾನೆ; ತೋಟದವನ ಕಣ್ಣಿಗೆ ಬಿದ್ದು, ಅಂಗಿಯನ್ನೂ ಪಾದರಕ್ಷೆಗಳನ್ನೂ ಕಳೆದುಕೊಂಡು, ಜೀವ ಉಳಿಸಿಕೊಂಡು ಮನೆಗೆ ಬಂದು ಹಾಸಿಗೆ ಹಿಡಿಯುತ್ತಾನೆ. ಒಂದು ಪುಟದಲ್ಲಿ ನಾಲ್ಕು ಸಾಲು ಬರಹ, ಎದುರು ಪುಟದಲ್ಲಿ ಒಂದು ಚಿತ್ರ. ಓದುಬಾರದ ಮಗುವೂ ಚಿತ್ರದಿಂದಲೇ ಕಥೆಯನ್ನು ಹಿಂಬಾಲಿಸಬಹುದು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೀಲಿ ಅಂಗಿಯನ್ನು ತೊಟ್ಟು ಪಾದರಕ್ಷೆಗಳನ್ನು ಮೆಟ್ಟಿರುವವರೆಗೆ ಪೀಟರನು ಎರಡು ಕಾಲಿನ ಮೇಲೆ ನಿಂತ ಹುಡುಗನಂತಿದ್ದಾನೆ. ಪಾದರಕ್ಷೆಗಳು ಕಳೆದುಹೋದೊಡನೆ ನಾಲ್ಕು ಕಾಲಿನ ಮೇಲೆ ಓಡುವ ಮೊಲವಾಗಿಬಿಡುತ್ತಾನೆ. ಮಕ್ಕಳ ಕೋಣೆಯಲ್ಲಿ ಕಲಿತ ಪಾಠವು ಇಲ್ಲಿ ಫಲಕೊಟ್ಟಿತು. ಆಕೆ ಮಕ್ಕಳಿಗಾಗಿ ಸುಳ್ಳು ಹೇಳುವುದೂ ಇಲ್ಲ. ಪೀಟರನ ತಂದೆಯು ಅದೇ ತೋಟದಲ್ಲಿ ಸಿಕ್ಕಿಬಿದ್ದು ತೋಟದವನ ಮನೆಯ ಊಟವಾಗಿಹೋದನೆಂದು ಮೊದಲಿನಲ್ಲಿಯೇ ಹೇಳಿಬಿಡುತ್ತಾಳೆ.

ಆ ಮೇಲೆ ವರುಷಕ್ಕೆ ಒಂದೆರಡರಂತೆ ಪುಸ್ತಕಗಳು ಬಂದವು. ಗ್ಲಾಸ್ಟರ್ ಪಟ್ಟಣದ ದರ್ಜಿಯ ಕಥೆಗಾಗಿ ಆಕೆಯು ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಹದಿನೆಂಟನೆಯ ಶತಮಾನದ ಕಸೂತಿಯ ಉಡುಪುಗಳನ್ನು ಎದುರಿಗಿಟ್ಟುಕೊಂಡು ಬರೆದಳು. ಅಳಿಲು, ಕಪ್ಪೆ, ಬಾತುಕೋಳಿ, ಬೆಕ್ಕಿನ ಮರಿ, ಬಟ್ಟೆ ಒಗೆಯುವ ಹೆಜ್‌ಹಾಗ್, ಇವೆಲ್ಲಾ ಒಂದೊಂದು ಪುಸ್ತಕಕ್ಕೆ ನಾಯಕರಾದವು. ಎಲ್ಲಾ ಸೇರಿ ಇಂಥ ಪುಟ್ಟ ಪುಸ್ತಕಗಳು 23. ವ್ಯವಹಾರದಲ್ಲಿಯೂ ಆಕೆ ಜಾಣೆ. ಪೀಟರ್ ಮೊಲದ ಬಟ್ಟೆಯ ಗೊಂಬೆಯನ್ನು ತಾನೇ ಹೊಲಿದು, 1903ರಲ್ಲಿ ಅದರ ಮಾದರಿಯನ್ನು ಕಾಯಿದೆಯಂತೆ ದಾಖಲು ಮಾಡಿಸಿದಳು. ಮಕ್ಕಳ ಪುಸ್ತಕದ ಪಾತ್ರಗಳನ್ನು ಆಟದ ಸಾಮಾನುಗಳಾಗಿ ಮಾರುವ ಪದ್ಧತಿಯನ್ನು ಮೊದಲು ಪ್ರಾರಂಭಿಸಿದವರಲ್ಲಿ ಆಕೆ ಒಬ್ಬಳು.

ಪುಸ್ತಕಗಳ ಕೆಲಸದಲ್ಲಿ ಆಕೆಗೆ ಸಹಾಯಕನಾಗಿದ್ದವನು ವಾರ್ನ್ ಸಹೋದರರಲ್ಲಿ ಕಿರಿಯವನಾದ ನಾರ್ಮನ್. 1905ನೆಯ ಜುಲೈಯಲ್ಲಿ ಅವನು ಮದುವೆಯ ಮಾತನ್ನೆತ್ತಿದನು, ಆಕೆ ಒಪ್ಪಿದಳು. ತಾಯಿತಂದೆಗಳು ಒಪ್ಪಲಿಲ್ಲ. ತಾವೇ ಬಟ್ಟೆಯ ವ್ಯಾಪಾರದ ಹಣದಿಂದ ಬದುಕುತ್ತಿದ್ದರೂ ವ್ಯಾಪಾರಸ್ಥನಿಗೆ ಮಗಳನ್ನು ಕೊಡುವುದು ಗೌರವಕ್ಕೆ ಕುಂದೆಂದು ಅವರಿಗೆ ತೋರಿತು. ಮಗಳಿಗೆ ಆಗ ಮೂವತ್ತೊಂಬತ್ತು ವರುಷ. ಆಕೆ ಕಲಹಮಾಡಲಿಲ್ಲ, ಮಾತನ್ನು ಹಿಂತೆಗೆಯಲೂ ಇಲ್ಲ; ಅವನು ಕೊಟ್ಟ ಉಂಗುರವನ್ನು ಇಟ್ಟುಕೊಂಡಳು. ಒಂದೇ ತಿಂಗಳಿನಲ್ಲಿ, ಆಗಸ್ಟ್ 25ರಂದು, ನಾರ್ಮನನು ರಕ್ತದ ರೋಗದಿಂದ ತೀರಿಕೊಂಡನು. ನಿಶ್ಚಯವನ್ನು ಹೊರಗೆ ತಿಳಿಸಿರಲಿಲ್ಲವಾದ್ದರಿಂದ ಆಕೆಯ ದುಃಖವನ್ನು ಹಂಚಿಕೊಳ್ಳುವವರೂ ಹೆಚ್ಚು ಮಂದಿ ಇರಲಿಲ್ಲ.

ಅದೇ ವರುಷ, ಪುಸ್ತಕಗಳಿಂದ ಬಂದ ಹಣಕ್ಕೆ ಅತ್ತೆಯೊಬ್ಬಳು ಬಿಟ್ಟುಹೋದ ಅಲ್ಪ ದ್ರವ್ಯವನ್ನು ಸೇರಿಸಿ, ಸರೋವರ ಪ್ರಾಂತ್ಯದ ಸಾರಿ ಗ್ರಾಮದಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಆಕೆ ಕೊಂಡುಕೊಂಡಳು. ವೃದ್ಧರಾದ ತಾಯಿತಂದೆಗಳ ಸೇವೆಗಾಗಿ ಲಂಡನ್ನಿನಲ್ಲಿಯೇ ಇರಬೇಕಾಗಿದ್ದುದರಿಂದ ಬಿಡುವಾದಾಗಲೆಲ್ಲಾ ಹಿಲ್ ಟಾಪಿಗೆ ಹೋಗಿಬರುತ್ತಿದ್ದಳು. ಒಕ್ಕಲುತನವನ್ನು ನೋಡಿಕೊಳ್ಳುವುದಕ್ಕೆ ಜಾನ್ ಕ್ಯಾನನ್ ಎಂಬವನನ್ನು ಇಟ್ಟಳು. ಆ ಮನೆಯ ಮೆಟ್ಟಲು, ಅಡಿಗೆಯ ಒಲೆ, ತೋಟದ ಬಾಗಿಲು, ಊರಿನ ಅಂಗಡಿ, ಎಲ್ಲವೂ ಆಕೆಯ ಚಿತ್ರಗಳಲ್ಲಿ ಸೇರಿದವು. ಕ್ಯಾನನನ ಹೆಂಡತಿಯು ಬಾತುಕೋಳಿಯ ಮೊಟ್ಟೆಗಳನ್ನು ಕೋಳಿಯ ಕಾವಿಗೆ ಇಡುತ್ತಿದ್ದುದನ್ನು ಕಂಡು, ತನ್ನ ಮೊಟ್ಟೆಗಳಿಗೆ ತಾನೇ ಕಾವು ಕೊಡಬೇಕೆಂದು ಹೊರಟು ನರಿಯ ಮಾತಿಗೆ ಮರುಳಾಗುವ ಬಾತುಕೋಳಿಯ ಕಥೆಯನ್ನು 1908ರಲ್ಲಿ ಬರೆದು, ಕ್ಯಾನನನ ಮಕ್ಕಳಿಗೇ ಅರ್ಪಿಸಿದಳು. ದುಃಖದ ವರುಷದ ಮುಂದಿನ ಎಂಟು ವರುಷಗಳಲ್ಲಿಯೇ ಆಕೆಯ ಅತ್ಯುತ್ತಮ ಪುಸ್ತಕಗಳು ಹಲವು ಹುಟ್ಟಿದವು.

ನೆರೆಯ ಹೊಲಗಳನ್ನು ಕೊಳ್ಳುವಾಗ ಹಾಕ್ಸ್‌ಹೆಡ್ ಊರಿನ ವಕೀಲರಾದ ವಿಲಿಯಂ ಹೀಲಿಸರು ಸಲಹೆ ಕೊಡುತ್ತಿದ್ದರು. ಇವರನ್ನು ಮದುವೆಯಾಗುವುದಕ್ಕೂ ತಾಯಿತಂದೆಗಳು ಮೊದಲು ಅಡ್ಡಬಂದರು. ಈ ಸಾರಿ ಆಕೆಯ ನಿಶ್ಚಯವೇ ಗೆದ್ದಿತು. 1913ನೆಯ ಅಕ್ಟೋಬರ್ 15ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಆಕೆ ಮಿಸೆಸ್ ಹೀಲಿಸ್ ಆದಳು. ಮೂವತ್ತು ವರುಷ ಅವರು ಅನ್ಯೋನ್ಯವಾಗಿ ಬಾಳಿದರು. ಕಣ್ಣಿನ ಶಕ್ತಿ ಕುಂದಿದ್ದರಿಂದಲೂ ಒಕ್ಕಲುತನದ ಭಾರದಿಂದಲೂ ಚಿತ್ರದ ಕೆಲಸ ಕ್ರಮೇಣ ಕಡಿಮೆಯಾಯಿತು. ಆದರೂ 1917ರಲ್ಲಿ ವಾರ್ನ್ ಸಂಸ್ಥೆಯು ಹಣದ ಸಂಕಟಕ್ಕೆ ಸಿಕ್ಕಿದಾಗ, ಹಳೆಯ ಚಿತ್ರಗಳನ್ನು ಒಟ್ಟುಗೂಡಿಸಿ ಹೊಸ ಪುಸ್ತಕವನ್ನು ಮಾಡಿಕೊಟ್ಟು ಅದನ್ನು ಎತ್ತಿಹಿಡಿದಳು.

ಆಕೆಯ ಜೀವಮಾನದ ಕೊನೆಯ ಭಾಗವನ್ನು ಬಹಳ ಜನರು ಅರಿಯರು. ಆ ಗುಡ್ಡಗಾಡಿನಲ್ಲಿ ಹರ್ಡ್‌ವಿಕ್ ಎಂಬ ಗಟ್ಟಿಮುಟ್ಟಾದ ಕುರಿಯ ತಳಿಯುಂಟು. ಬೇಲಿಯಿಲ್ಲದ ಬೆಟ್ಟದಲ್ಲಿ ಬಿಟ್ಟರೂ ತನ್ನ ಹುಟ್ಟಿದ ಜಾಗವನ್ನು ಅದು ಬಿಟ್ಟುಹೋಗುವುದಿಲ್ಲ. ಉಣ್ಣೆ ಒರಟಾದ್ದರಿಂದ ಬೆಲೆ ತಗ್ಗಿ ಆ ತಳಿಯನ್ನು ಸಾಕುವವರು ಕಡಿಮೆಯಾಗುತ್ತಿದ್ದರು. ಮಿಸೆಸ್ ಹೀಲಿಸ್ 1923ರಲ್ಲಿ ಟ್ರೌಟ್‌ಬೆಕ್ ಪಾರ್ಕ್ ಎಂಬ ದೊಡ್ಡ ಹೊಲಮನೆಯನ್ನು ಕೊಂಡು, ಟಾಮ್ ಸ್ಟೋರಿ ಎಂಬ ನುರಿತ ಕುರಿಗಾರನ ಸಹಾಯದಿಂದ ಹರ್ಡ್‌ವಿಕ್ ಕುರಿಗಳನ್ನು ಬೆಳೆಯಿಸಿ, ಪ್ರದರ್ಶನಗಳಲ್ಲಿ ಬಹುಮಾನಗಳನ್ನು ಗೆದ್ದಳು. ಮಳೆಯಲ್ಲಿ ಹೆಗಲ ಮೇಲೆ ಗೋಣಿಯನ್ನು ಹಾಕಿಕೊಂಡು, ಮರದ ಅಟ್ಟೆಯ ಪಾದರಕ್ಷೆಗಳನ್ನು ಮೆಟ್ಟಿ, ರೈತರ ನಡುವೆ ರೈತಳಂತೆ ಓಡಾಡುತ್ತಿದ್ದಳು. ಹಳ್ಳಿಯವರಿಗಾಗಿ ದಾದಿಯೊಬ್ಬಳನ್ನು ನೇಮಿಸುವುದಕ್ಕೆ ನೆರವಾದಳು. 1943ರಲ್ಲಿ ಹರ್ಡ್‌ವಿಕ್ ಕುರಿ ಸಾಕುವವರ ಸಂಘದವರು ಮುಂದಿನ ಅಧ್ಯಕ್ಷಳನ್ನಾಗಿ ಆಕೆಯನ್ನೇ ಆರಿಸಿದರು. ಅದುವರೆಗೆ ಯಾವ ಸ್ತ್ರೀಗೂ ಆ ಗೌರವ ಸಂದಿರಲಿಲ್ಲ. ವಿದ್ವಾಂಸರ ಸಭೆಗೆ ಪ್ರವೇಶವಿಲ್ಲದವಳನ್ನು ಕುರಿಗಾರರು ತಮ್ಮ ಸಭೆಯ ಮುಂದಾಳಾಗಿ ಕರೆದರು.

ಸರೋವರಗಳ ಸುತ್ತಲಿನ ನೆಲವನ್ನು ಮನೆ ಕಟ್ಟಿಸುವವರು ತುಂಡು ತುಂಡಾಗಿ ಕೊಳ್ಳುತ್ತಿದ್ದ ಕಾಲವದು. ಆಕೆ ಅದಕ್ಕೆ ಎದುರಾಗಿ ಹೊಲಗಳನ್ನು ಕೊಳ್ಳುತ್ತಲೇ ಹೋದಳು. 1927ರಲ್ಲಿ ವಿಂಡರ್ಮಿಯರ್ ಸರೋವರದ ದಡದ ಒಂದು ತುಂಡು ನೆಲವನ್ನು ಉಳಿಸುವುದಕ್ಕಾಗಿ ಪೀಟರ್ ಮೊಲದ ಚಿತ್ರಗಳ 50 ಪ್ರತಿಗಳನ್ನು ತನ್ನ ಕೈಯಿಂದಲೇ ಬರೆದು ಅಮೆರಿಕದಲ್ಲಿ ಮಾರಾಟಕ್ಕೆ ಕಳುಹಿಸಿದಳು. 1930ರ ಸುಮಾರಿಗೆ ಮಂಕ್ ಕಾನಿಸ್ಟನ್ ಎಂಬ ಸುಮಾರು 4,000 ಎಕರೆಯ ಜಮೀನು ಮಾರಾಟಕ್ಕೆ ಬಂದಾಗ, ನ್ಯಾಷನಲ್ ಟ್ರಸ್ಟಿನ ಬಳಿ ಹಣವಿಲ್ಲದ್ದನ್ನು ತಿಳಿದು ತಾನೇ ಕೊಂಡು, ಟ್ರಸ್ಟಿನವರಿಗೆ ಅನುಕೂಲವಾದಾಗ ಅರ್ಧವನ್ನು ತಾನು ತೆತ್ತ ಕ್ರಯಕ್ಕೇ ಬಿಟ್ಟುಕೊಟ್ಟಳು.

1943ನೆಯ ಡಿಸೆಂಬರ್ 22ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಸಾರಿ ಗ್ರಾಮದ ತನ್ನ ಮನೆಯಲ್ಲಿ ಆಕೆ ತೀರಿಕೊಂಡಳು. ಆಕೆಯ ಅಪ್ಪಣೆಯಂತೆ ಟಾಮ್ ಸ್ಟೋರಿಯು ಚಿತಾಭಸ್ಮವನ್ನು ಬೆಟ್ಟದಲ್ಲಿ ಚೆಲ್ಲಿ, ಆ ಸ್ಥಳವನ್ನು ಗುಟ್ಟಾಗಿಟ್ಟನು. 4,000 ಎಕರೆಗೆ ಮೀರಿದ ಭೂಮಿಯೂ ಹನ್ನೆರಡಕ್ಕೆ ಮೇಲ್ಪಟ್ಟ ಹೊಲಮನೆಗಳೂ ಕುರಿಹಿಂಡುಗಳೂ ಪತಿಯ ಕಾಲಾನಂತರ ನ್ಯಾಷನಲ್ ಟ್ರಸ್ಟಿಗೆ ಸೇರುವಂತೆ ಮರಣಶಾಸನ ಬರೆದಿದ್ದಳು. ಹಿಂಡುಗಳು ಅಪ್ಪಟ ಹರ್ಡ್‌ವಿಕ್ ತಳಿಯವಾಗಿಯೇ ಇರಬೇಕೆಂಬ ಷರತ್ತನ್ನೂ ಮರೆಯಲಿಲ್ಲ. ಪತಿಯು 1945ರಲ್ಲಿ ಕಾಲವಾದನು. ಮರುವರುಷ ಹಿಲ್ ಟಾಪ್ ಮನೆಯನ್ನು ಸಾರ್ವಜನಿಕರು ನೋಡುವುದಕ್ಕೆ ತೆರೆದರು. ಆ ಪ್ರಾಂತ್ಯವು 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಲೋಕದ ಪರಂಪರೆಯ ಸ್ಥಳಗಳಲ್ಲಿ ಒಂದೆಂದು ಅಂಗೀಕರಿಸಿತು. ಮಕ್ಕಳು ಒಂದೊಂದು ಶಿಲ್ಲಿಂಗ್ ಕೊಟ್ಟು ಕೊಂಡ ಪುಸ್ತಕಗಳಿಂದ ಒಂದು ಸೀಮೆಯ ಬೆಟ್ಟ ಹೊಲಗಳು ಹೀಗೆ ಉಳಿದವು.

ಪ್ರಿಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯನ್ನು ಓದಿ ಆಕೆಯ ಜಾಣ್ಮೆ ನಮಗೆಲ್ಲಿಯದು ಎಂದು ಸುಮ್ಮನಾಗಬೇಡಿರಿ. ಆಕೆಗಿದ್ದ ಮುಖ್ಯ ಸಾಧನವು ತಾಳ್ಮೆಯಿಂದ ನೋಡುವ ಕಣ್ಣು. ಹಿತ್ತಲಿನ ಗಿಡದ ಎಲೆಯನ್ನೂ ಗೋಡೆಯ ಮೇಲಿನ ಹಲ್ಲಿಯನ್ನೂ ದಿನವೂ ಕಾಣುವ ನೀವು, ಪುಸ್ತಕ ಮುಚ್ಚಿ ಅವುಗಳ ಚಿತ್ರವನ್ನು ಬರೆಯಲು ಕುಳಿತರೆ ಎಷ್ಟು ಕಡಿಮೆ ನೋಡಿದ್ದೀರೆಂಬುದು ನಿಮಗೇ ತಿಳಿಯುವುದು. ಚಿತ್ರಕಲೆಯ ತರಗತಿಯನ್ನು ಕಾಲಕ್ಷೇಪದ ತರಗತಿಯೆಂದು ಎಣಿಸುವವರಿಗೂ ಇದೇ ನಮ್ಮ ಉತ್ತರ.

ಹೆತ್ತವರಿಗೂ ಒಂದು ಮಾತನ್ನು ವಿನಯದಿಂದ ಹೇಳುವೆವು. ಆಕೆಯ ತಾಯಿತಂದೆಗಳು ಕ್ರೂರಿಗಳಲ್ಲ. ಬಣ್ಣ, ಕಾಗದ, ಪುಸ್ತಕ, ಯಾವುದಕ್ಕೂ ಕೊರತೆಮಾಡಲಿಲ್ಲ. ಆದರೆ ಮಗಳ ವಿದ್ಯೆಯು ಮನೆಯೊಳಗಿನ ಅಲಂಕಾರವೆಂದು ತಿಳಿದರೇ ಹೊರತು, ಅದರಿಂದ ಆಕೆ ಬದುಕಬಹುದು, ಲೋಕಕ್ಕೆ ಉಪಕಾರ ಮಾಡಬಹುದು ಎಂದು ಎಣಿಸಲಿಲ್ಲ. ಆದ್ದರಿಂದ ಇಪ್ಪತ್ತರಲ್ಲಿ ಆಗಬಹುದಾಗಿದ್ದ ಕೆಲಸ ನಲವತ್ತರ ಹತ್ತಿರ ಆಯಿತು. ಎಲ್ಲಾ ಹೆಣ್ಣುಮಕ್ಕಳಿಗೂ ಅಷ್ಟು ಕಾಲ ಕಾಯುವ ಶಕ್ತಿಯಿರುವುದಿಲ್ಲ. ಹಾಗೆ ಕಾಯುತ್ತ ಕಾಯುತ್ತ ಬಾಡಿಹೋದವರೂ ಎಷ್ಟೋ ಮಂದಿ ಇರಬಹುದು. ಅವರ ಚರಿತ್ರೆಯನ್ನು ಯಾರು ಬರೆಯುವರು?

ಕೊನೆಯದಾಗಿ, ನಮ್ಮ ವೃತ್ತಿಯವರಾದ ಉಪಾಧ್ಯಾಯಿನಿಯರು ಆನಿ ಕಾರ್ಟರಳನ್ನು ನೆನೆಯಬೇಕು. ಆಕೆ ಕಲಿಸಿದ ಪಾಠಗಳು ಎಷ್ಟು ನೆನಪಿನಲ್ಲಿ ಉಳಿದವೋ ನಾವರಿಯೆವು. ಆದರೆ ಶಿಷ್ಯಳಲ್ಲಿದ್ದ ಗುಣವನ್ನು ಪಾಠ ಮುಗಿದ ಮೇಲೆಯೂ ಮರೆಯದೆ, ಸಮಯ ಬಂದಾಗ ಒಂದು ಮಾತನ್ನು ಹೇಳಿದಳು. ಪೀಟರ್ ಮೊಲದ ಕಥೆಯು ಮೂವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಮಕ್ಕಳ ಕೈಸೇರಿರುವುದಕ್ಕೆ ಆ ಒಂದು ಮಾತೂ ಕಾರಣವಾಯಿತೆಂಬುದನ್ನು ನೆನೆದು, ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಪುಸ್ತಕದ ಅಂಚಿನಲ್ಲಿ ಏನನ್ನೋ ಗೀಚುತ್ತಿರುವ ಹುಡುಗಿಯನ್ನು ಗದರಿಸುವುದಕ್ಕೆ ಮೊದಲು, ಅವಳು ಗೀಚಿದ್ದೇನೆಂಬುದನ್ನು ಒಮ್ಮೆ ನೋಡೋಣ.